ಬಿಜಾಪುರದ ಅತ್ತರು ಮತ್ತು ಇಬ್ರಾಹೀಂ ಬಾದಶಹ

ವಕ್ಕಲೇರಿಗೆ ಹೋದದ್ದು ಅತ್ತರು ಹುಡುಕಿಕೊಂಡು ಅಲ್ಲ. ಕೋಲಾರ ತಾಲೂಕಿನ ಆ ಕಡೆ ಮದ್ರಸದಲ್ಲಿ ಕಲಿಸುವ ನನ್ನ ಹಳೆಯ ಸಹಪಾಠಿಯೊಬ್ಬರಿದ್ದಾರೆ, ಅವರನ್ನು ನೋಡಲಿಕ್ಕೆ ಹೋದದ್ದು. ಜುಮಾ ಮುಗಿಸಿ ಹೊರಗೆ ಬರುವಾಗ ಮರದ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ ಒಬ್ಬ ಅಜ್ಜ ನನ್ನ ಕೈ ಹಿಡಿದು ಮಣಿಕಟ್ಟಿನ ಒಳಭಾಗಕ್ಕೆ ಗಾಜಿನ ಕಡ್ಡಿಯಿಂದ ಒಂದು ಚುಕ್ಕೆ ಹಚ್ಚಿದರು. ಉಜ್ಜಬೇಡಿ, ಹಾಗೇ ಬಿಡಿ ಅಂದರು. ಗಂಡಸರು ಹೆಂಗಸರು ಇಬ್ಬರೂ ಹಾಕುವ ಅತ್ತರು ಇದು ಅಂತಲೂ ಸೇರಿಸಿದರು. ಅದೇ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಯಾಕೆಂದರೆ ಅದಕ್ಕೆ ಸ್ವಲ್ಪ ದಿನ ಮೊದಲು ನಮ್ಮ ಮದ್ರಸದ ಒಬ್ಬ ಹುಡುಗಿ, ಅಣ್ಣನ ಅತ್ತರಿನ ಬಾಟಲಿಯಿಂದ ತಾನು ಹಚ್ಚಿಕೊಂಡರೆ ತಪ್ಪಾ ಅಂತ ಕೇಳಿದ್ದಳು. ನಾನು ಆಗ ಕೊಟ್ಟ ಉತ್ತರ ಅವಳಿಗೂ ಸಾಕಾಗಿರಲಿಲ್ಲ, ನನಗೂ ಸಾಕಾಗಿರಲಿಲ್ಲ.

ಆ ಚುಕ್ಕೆಯ ಕತೆ ಹೇಳುತ್ತೇನೆ. ಮೊದಲ ಹತ್ತು ನಿಮಿಷ ಮೂಗಿಗೆ ಹೊಡೆದದ್ದು ಕೇಸರಿ. ಬಿರಿಯಾನಿಯ ಕೇಸರಿ ಅಲ್ಲ. ಸ್ವಲ್ಪ ಕಹಿ, ಸ್ವಲ್ಪ ಹೊಸ ಚರ್ಮದ ಚಪ್ಪಲಿಯ ವಾಸನೆಯಂಥದ್ದು. ಅದರ ಬೆನ್ನಿಗೇ ಲವಂಗ, ಏಲಕ್ಕಿ. ಕೋಲಾರದ ಬಸ್ಸು ಹತ್ತುವಷ್ಟರಲ್ಲಿ ಲವಂಗದ ಖಾರ ಇಳಿದು ಗುಲಾಬಿ ಬಂತು, ಜೇನು ಹಚ್ಚಿದ ಹಾಗಿನ ಸಿಹಿ. ಬೆಂಗಳೂರಿನಲ್ಲಿ ಅಸರ್‌ಗೆ ವುಳೂ ಮಾಡುವಾಗ ಹೋಯಿತು ಅಂದುಕೊಂಡೆ. ನೀರು ಆರಿದ ಮೇಲೆ ಮತ್ತೆ ಎದ್ದು ಬಂತು. ರಾತ್ರಿ ಮಂಗಳೂರಿನ ಬಸ್ಸಿನಲ್ಲಿ ಉಳಿದದ್ದು ಗಂಧ ಮತ್ತು ಊದ್ ಮಾತ್ರ. ಹಾಲಿನ ಕೆನೆಯಂಥ ಗಂಧ, ಅದರ ಅಡಿಯಲ್ಲಿ ಹೊಗೆಯಾಡುವ ಊದ್. ಸುಬಹಿಗೆ ಎದ್ದಾಗ ತೋಳಿನ ಬಟ್ಟೆಯಲ್ಲಿ ಇನ್ನೂ ಇತ್ತು. ಮನೆಯಲ್ಲಿ ನನ್ನವಳು ಅದೇ ಬಾಟಲಿಯಿಂದ ಹಚ್ಚಿಕೊಂಡಾಗ ಆಶ್ಚರ್ಯವಾಯಿತು: ನನ್ನ ಕೈಯಲ್ಲಿ ಊದ್ ಮೇಲೆ ನಿಂತಿತ್ತು, ಅವಳ ಕೈಯಲ್ಲಿ ಗುಲಾಬಿ. ಬಾಟಲಿ ಒಂದೇ, ಚರ್ಮ ಎರಡು. ಒಣ ಚರ್ಮದಲ್ಲಿ ಸುಗಂಧ ಬೇಗ ಹಾರುತ್ತದೆ, ಎಣ್ಣೆಯಂಶ ಇರುವ ಚರ್ಮದಲ್ಲಿ ನಿಲ್ಲುತ್ತದೆ. ಮೈಯ ಬಿಸಿ, ಬೆವರು ಎಲ್ಲವೂ ಅದರಲ್ಲಿ ಪಾಲುದಾರರು.

ಈ ಜಾತಿಯ ಸಿಹಿ-ಖಾರ ಸುಗಂಧ ನಮ್ಮ ಕರ್ನಾಟಕದಲ್ಲಿ ಒಂದು ಕಾಲದಲ್ಲಿ ದೊಡ್ಡ ವಿದ್ಯೆಯೇ ಆಗಿತ್ತು. ಅದರ ಹೆಸರಲ್ಲಿ ಪುಸ್ತಕ ಇದೆ. ಆ ಪುಸ್ತಕಕ್ಕೆ ಹೆಸರು ಕೊಟ್ಟ ಬಾದಶಹನ ಬದುಕು ನಮ್ಮ ಪಠ್ಯಪುಸ್ತಕಗಳಲ್ಲಿ ಎರಡು ಸಾಲಿಗೆ ಮುಗಿಯುತ್ತದೆ. ಅವನೇ ಬಿಜಾಪುರದ ಎರಡನೇ ಇಬ್ರಾಹೀಂ ಆದಿಲ್ ಶಾಹ್.

1580ರಲ್ಲಿ ಬಿಜಾಪುರದ ಸುಲ್ತಾನ ಒಂದನೇ ಅಲೀ ಆದಿಲ್ ಶಾಹ್ ಅರಮನೆಯೊಳಗೇ ಕೊಲೆಯಾದಾಗ ಅವನಿಗೆ ಮಕ್ಕಳಿರಲಿಲ್ಲ. ತಮ್ಮ ತಹ್ಮಾಸ್ಪನ ಮಗ ಇಬ್ರಾಹೀಮನನ್ನು ಸಿಂಹಾಸನದಲ್ಲಿ ಕೂರಿಸಿದರು. ಹುಡುಗನಿಗೆ ಆಗ ಒಂಬತ್ತು ವರ್ಷ. ಸತ್ತ ಸುಲ್ತಾನನ ಬೀವಿ ಚಾಂದ್ ಬೀಬಿ ಅವನ ಆರೈಕೆ, ಶಿಕ್ಷಣ, ರಾಜ್ಯದ ಉಸ್ತುವಾರಿ ಮೂರನ್ನೂ ಹೊತ್ತಳು. ಮುಂದೆ ಅಹ್ಮದ್‌ನಗರದ ಕೋಟೆಯಲ್ಲಿ ನಿಂತು ಮೊಗಲರ ಸೈನ್ಯವನ್ನು ತಡೆದ ಹೆಂಗಸು ಇವಳೇ. ಆದರೆ ಬಿಜಾಪುರದಲ್ಲಿ ಅವಳಿಗೆ ನೆಮ್ಮದಿ ಕೊಡಲಿಲ್ಲ. ಒಬ್ಬ ಸರದಾರ ಅವಳನ್ನು ಸತಾರಾ ಕೋಟೆಯಲ್ಲಿ ಬಂಧಿಸಿಟ್ಟ. ಅವನನ್ನು ಇಳಿಸಿ ಹಬ್ಶಿ ಸರದಾರರು ಬಂದರು. ಅವರೊಳಗೇ ಜಗಳವಾಗಿ ದಿಲಾವರ್ ಖಾನ್ ಮೇಲೆ ಬಂದ. ಎಂಟು ವರ್ಷ ರಾಜ್ಯ ಅವನ ಮುಷ್ಟಿಯಲ್ಲಿತ್ತು. 1590ರಲ್ಲಿ ಹತ್ತೊಂಬತ್ತು ವರ್ಷದ ಇಬ್ರಾಹೀಂ ಅವನನ್ನು ಓಡಿಸಿ ರಾಜ್ಯವನ್ನು ತನ್ನ ಕೈಗೆ ತೆಗೆದುಕೊಂಡ.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಸಂಗೀತ, ಸುಗಂಧ ಅಂದ ಕೂಡಲೇ ಇಬ್ರಾಹೀಮನನ್ನು ಮೆತ್ತಗಿನ ಮನುಷ್ಯ ಅಂತ ಬರೆಯುವವರಿದ್ದಾರೆ. ಓಡಿಹೋದ ದಿಲಾವರ್ ಖಾನ್ ಮರಳಿ ಬಂದಾಗ ಅವನ ಕಣ್ಣು ಕೀಳಿಸಿದವನೂ ಇದೇ ಇಬ್ರಾಹೀಂ. ಬೆಳಗಾವಿಯಲ್ಲಿ ದಂಗೆಯೆದ್ದ ಸ್ವಂತ ಒಡಹುಟ್ಟಿದ ಇಸ್ಮಾಯೀಲ್ ಸಿಕ್ಕಿಬಿದ್ದ ಮೇಲೆ ಬದುಕಿ ಉಳಿಯಲಿಲ್ಲ. ಆ ಕಾಲದ ಸಿಂಹಾಸನಗಳು ಹಾಗೆಯೇ ಇದ್ದವು ಅಂತ ಹೇಳಬಹುದು, ಸರಿ. ಆದರೂ ಅತ್ತರು ಹಚ್ಚಿದ ಕೈಯೇ ಅದು ಅನ್ನೋದು ನೆನಪಿರಲಿ.

ಅವನಿಗೆ ಒಂದು ಶಬ್ದದ ಹುಚ್ಚಿತ್ತು: ನೌರಸ್. ನಮ್ಮಲ್ಲಿ ಅದು ನವರಸ, ಒಂಬತ್ತು ರಸ. ಪಾರ್ಸಿಯಲ್ಲಿ ಹೊಸದಾಗಿ ಹಣ್ಣಾದದ್ದು, ಈಗಷ್ಟೇ ಬಂದದ್ದು. ಎರಡು ಭಾಷೆಯಲ್ಲಿ ಎರಡು ಅರ್ಥ ಕೊಡುವ ಆ ಒಂದು ಶಬ್ದವನ್ನು ಅವನು ಸಿಕ್ಕಿದ್ದಕ್ಕೆಲ್ಲ ಇಟ್ಟ. ತಾನು ದಖ್ನಿಯಲ್ಲಿ ಕಟ್ಟಿದ ಹಾಡುಗಳ ಪುಸ್ತಕ ಕಿತಾಬೆ ನೌರಸ್. ಬಿಜಾಪುರದ ಪಶ್ಚಿಮಕ್ಕೆ ತೊರವಿಯ ಹತ್ತಿರ 1599ರಲ್ಲಿ ಕಟ್ಟಲು ತೊಡಗಿದ ಹೊಸ ಪಟ್ಟಣ ನೌರಸ್‌ಪುರ. ಆಸ್ಥಾನದಲ್ಲಿದ್ದ ಫಿರಿಸ್ತಾ ಬರೆದ ದೊಡ್ಡ ಚರಿತ್ರೆಗೂ ನೌರಸ್‌ನಾಮಾ ಎಂಬ ಹೆಸರಿದೆ. ಹಬ್ಬಕ್ಕೂ ಆ ಹೆಸರು, ಆನೆಗೂ ಆ ಹೆಸರು. ಕೊನೆಗೆ ಸುಗಂಧಕ್ಕೂ: ನಿಜಾಮುದ್ದೀನ್ ಮಹ್ಮೂದ್ ಎಂಬವರು ಅವನ ಆಸ್ಥಾನಕ್ಕಾಗಿ ಪಾರ್ಸಿಯಲ್ಲಿ ಬರೆದ ಪುಸ್ತಕದ ಹೆಸರು ಇತ್ರೆ ನೌರಸ್ ಶಾಹೀ. ನೌರಸ್ ಶಾಹನ ಅತ್ತರು ಅಂತ ಅರ್ಥ.

ಇಂಥ ಪುಸ್ತಕ ಅದೊಂದೇ ಅಲ್ಲ. ನಮ್ಮ ಕಲ್ಯಾಣದಲ್ಲಿ, ಅಂದರೆ ಇವತ್ತಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಸುಗಂಧಕ್ಕೇ ಒಂದು ಭಾಗ ಇದೆ. ಮಾಳವದ ಮಾಂಡುವಿನ ಸುಲ್ತಾನನ ನಿಅಮತ್‌ನಾಮಾದಲ್ಲಿ ಅಡುಗೆಯ ಪಕ್ಕದಲ್ಲೇ ಅತ್ತರಿನ ಪಾಕ ಇದೆ. ಅಡುಗೆ, ಔಷಧಿ, ಸುಗಂಧ ಮೂರಕ್ಕೂ ಸಾಮಾನು ಒಂದೇ ಅಂಗಡಿಯಿಂದ ಬರುತ್ತಿತ್ತು ಅಂತ ನೆನಪಿಟ್ಟರೆ ಇದು ವಿಚಿತ್ರ ಅನಿಸುವುದಿಲ್ಲ. (ಅಂದಹಾಗೆ ವಕ್ಕಲೇರಿಗೂ ಆ ಕಡೆಗೂ ಹಳೆಯ ನಂಟಿದೆ. ಬಾದಾಮಿಯ ಚಾಲುಕ್ಯ ದೊರೆ ಎರಡನೇ ಕೀರ್ತಿವರ್ಮ 757ರಲ್ಲಿ ಬರೆಸಿದ ತಾಮ್ರಪಟ ಸಿಕ್ಕಿದ್ದು ಈ ವಕ್ಕಲೇರಿಯಲ್ಲೇ. ಮಂಗಳೂರಿನವರಾದ ನಮಗೆ ಇದೆಲ್ಲ ಯಾರು ಹೇಳಿಕೊಡುತ್ತಾರೆ!)

ಆ ಕಾಲದ ಸುಗಂಧಗಳ ಅಳತೆ ನಮಗೆ ಚೆನ್ನಾಗಿ ಸಿಗುವುದು ಇಬ್ರಾಹೀಮನ ಸಮಕಾಲೀನ ಅಕ್ಬರನ ಕಡೆಯಿಂದ. ಅಬುಲ್ ಫಜಲ್ ತನ್ನ ಐನೆ ಅಕ್ಬರಿಯಲ್ಲಿ ಖುಷ್ಬೂಖಾನೆ ಅಂತ ಒಂದು ಇಲಾಖೆಯ ಲೆಕ್ಕವನ್ನೇ ಕೊಟ್ಟಿದ್ದಾನೆ. ಅರಗಜ ಎಂಬ ಲೇಪಕ್ಕೆ ಅರ್ಧ ಸೇರು ಗಂಧ, ಮೂರು ತೊಲ ಚೂವಾ, ಚಿಟಿಕೆ ಕರ್ಪೂರ, ಹನ್ನೊಂದು ಬಾಟಲಿ ಗುಲಾಬ್ ನೀರು, ಮತ್ತೆರಡು ಮೂರು ಸಾಮಾನು. ಬೇಸಗೆಯಲ್ಲಿ ಮೈ ತಂಪಾಗಲಿಕ್ಕೆ ಅದು. ಈ ಚೂವಾ ತೆಗೆಯುವ ಕ್ರಮ ಕೇಳಿ: ಅಗರಿನ ಮರವನ್ನು, ಅಂದರೆ ಊದನ್ನು, ಸಣ್ಣ ಚೂರು ಮಾಡಿ ಕತ್ತು ಸಣ್ಣಗಿರುವ ಮಡಕೆಗೆ ತುಂಬುತ್ತಾರೆ. ಹೊರಗೆ ಮಣ್ಣು ಮೆತ್ತುತ್ತಾರೆ. ಮಡಕೆಯನ್ನು ಬೋರಲು ಹಾಕಿ ಕತ್ತನ್ನು ಕೆಳಗಿನ ಪಾತ್ರೆಗೆ ಇಳಿಸಿ ಸುತ್ತ ಬೆರಣಿಯ ಬೆಂಕಿ. ಮರದ ಎಣ್ಣೆ ಮೇಲಕ್ಕೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತದೆ. ಅದನ್ನು ನೀರಲ್ಲಿ, ಗುಲಾಬ್ ನೀರಲ್ಲಿ ತೊಳೆದು ತೊಳೆದು ಹೊಗೆವಾಸನೆ ಬಿಡಿಸಬೇಕು. ಗುಲಾಬಿ, ಮಲ್ಲಿಗೆ, ಕೇದಗೆಯಂಥ ಹೂವಿಗೆ ಬೇರೆ ಕ್ರಮ: ತಾಮ್ರದ ದೇಗ್‌ನಲ್ಲಿ ನೀರಿನ ಜೊತೆ ಕುದಿಸಿ, ಬಿದಿರಿನ ಕೊಳವೆಯಿಂದ ಹಬೆಯನ್ನು ಗಂಧದೆಣ್ಣೆ ಇರುವ ಭಪ್ಕಕ್ಕೆ ಇಳಿಸುವುದು. ಕನೌಜದಲ್ಲಿ ಇವತ್ತಿಗೂ ಅದೇ ಕ್ರಮ.

ಈ ಪಾಕಗಳಲ್ಲಿ ನಾನು ಹುಡುಕಿದ್ದು ಒಂದೇ ವಿಷಯ: ಇದು ಗಂಡಸಿಗೆ, ಇದು ಹೆಂಗಸಿಗೆ ಅಂತ ಎಲ್ಲಾದರೂ ಬರೆದಿದೆಯಾ ಅಂತ. ಅಬುಲ್ ಫಜಲನ ಪಟ್ಟಿಯಲ್ಲಿ ಆ ವಿಂಗಡಣೆ ಇಲ್ಲ. ಹಚ್ಚಲಿಕ್ಕೆ, ಬಟ್ಟೆಗೆ, ಧೂಪಕ್ಕೆ, ಸ್ನಾನಕ್ಕೆ ಅಂತ ಉಪಯೋಗದ ಪ್ರಕಾರ ವಿಂಗಡಣೆ. ಗುಲಾಬಿ ಅಂದರೆ ಹೆಣ್ಣಿಗೆ, ಊದ್ ಅಂದರೆ ಗಂಡಿಗೆ ಅನ್ನೋದು ಅಂಗಡಿಯವರು ಆಮೇಲೆ ಮಾಡಿದ ಕಪಾಟು.

1603ರ ಹೊತ್ತಿಗೆ ಅಕ್ಬರ್ ತನ್ನ ಮಗ ದಾನಿಯಾಲ್‌ಗೆ ಇಬ್ರಾಹೀಮನ ಮಗಳನ್ನು ತರಲು ಅಸದ್ ಬೇಗ್ ಎಂಬ ಅಧಿಕಾರಿಯನ್ನು ಬಿಜಾಪುರಕ್ಕೆ ಕಳಿಸಿದ. ಆ ಮನುಷ್ಯ ಪೇಟೆ ನೋಡಿ ಬೆರಗಾದ. ಆಭರಣದ ಅಂಗಡಿ, ಆಯುಧದ ಅಂಗಡಿ, ಬಟ್ಟೆ, ಮಿಠಾಯಿ, ನರ್ತಕಿಯರು, ಸುಗಂಧ ಎಲ್ಲವೂ ಒಂದೇ ಬೀದಿಯಲ್ಲಿ ಕಿಕ್ಕಿರಿದದ್ದನ್ನು ಅವನು ಬರೆದಿಟ್ಟಿದ್ದಾನೆ. ಬಾದಶಹ ಸಂಗೀತ ಕೇಳುತ್ತಾ ಮೈಮರೆತು ಕೂತಿದ್ದ, ಪಾರ್ಸಿ ತಡವರಿಸಿ ಆಡುತ್ತಿದ್ದ, ತನ್ನವರ ಜೊತೆ ಮರಾಠಿಯಲ್ಲಿ ಮಾತಾಡುತ್ತಿದ್ದ ಅನ್ನೋದು ಗೊತ್ತಾದದ್ದೂ ಅವನಿಂದಲೇ. ಇನ್ನೊಂದು ವಿಷಯ: ಅಸದ್ ಬೇಗ್ ಬಿಜಾಪುರದಲ್ಲಿ ಮೊದಲ ಸಲ ತಂಬಾಕು ಕಂಡು, ಚೆಂದದ ಕೊಳವೆ ಮಾಡಿಸಿ ಆಗ್ರಾಕ್ಕೆ ಒಯ್ದ. ಅಕ್ಬರ್ ಒಂದೆರಡು ಸಲ ಎಳೆದು ನೋಡಿದ, ಹಕೀಮರು ಬೇಡ ಅಂದರು. ಬಿಜಾಪುರದಿಂದ ಅತ್ತರು ಬಿಟ್ಟು ತಂಬಾಕು ಒಯ್ದನಲ್ಲ ಆ ಪುಣ್ಯಾತ್ಮ! ಮದುವೆಯಾದ ಮರುವರ್ಷ, 1605ರಲ್ಲಿ, ದಾನಿಯಾಲ್ ಕುಡಿತದಿಂದ ಸತ್ತ. ಆ ಹುಡುಗಿಯ ಬಗ್ಗೆ ಚರಿತ್ರೆ ಹೆಚ್ಚು ಮಾತಾಡುವುದಿಲ್ಲ.

ಈ ಸುಗಂಧದ ಸಾಮಾನು ಎಲ್ಲಿಂದ ಬರುತ್ತಿತ್ತು? ಇಲ್ಲಿ ನಮ್ಮ ಕರಾವಳಿ ಬರುತ್ತದೆ. ಲವಂಗ, ಜಾಯಿಕಾಯಿ ಮಲುಕ್ಕು ಕಡೆಯ ದ್ವೀಪಗಳಿಂದ, ಕರ್ಪೂರ ಸುಮಾತ್ರದಿಂದ, ಊದ್ ಅಸ್ಸಾಮಿನಿಂದ ಮತ್ತು ಪೂರ್ವದ ಕಾಡುಗಳಿಂದ, ಕಸ್ತೂರಿ ಹಿಮಾಲಯದಾಚೆಯಿಂದ, ಅಂಬರ್ ಸಮುದ್ರದಿಂದ. ಅಂಬರ್ ಅಂದರೆ ತಿಮಿಂಗಿಲದ ಹೊಟ್ಟೆಯಲ್ಲಿ ಹುಟ್ಟಿ ಸಮುದ್ರದಲ್ಲಿ ತೇಲಿ ದಡಕ್ಕೆ ಬರುವ ಗಟ್ಟಿ. ಏಲಕ್ಕಿ ನಮ್ಮ ಘಟ್ಟದ್ದೇ, ಗಂಧ ಬಯಲುಸೀಮೆಯದು. ಮಂಗಳೂರು, ಬಾರ್ಕೂರು, ಭಟ್ಕಳ, ಗೋವೆ, ದಾಭೋಲ್ ಬಂದರುಗಳಲ್ಲಿ ಅರಬ್ಬಿ ಹಡಗುಗಳು ನಿಲ್ಲುತ್ತಿದ್ದ ಕಾಲದಲ್ಲೇ ಬ್ಯಾರಿ ಎಂಬ ನಮ್ಮ ಹೆಸರು ಬ್ಯಾರ ಅಂದರೆ ವ್ಯಾಪಾರದಿಂದ ಬಂತು ಅಂತ ಹಿರಿಯರು ಹೇಳುವುದು. ಗೋವೆಯನ್ನು ಮಾತ್ರ ಆದಿಲ್ ಶಾಹಿಗಳು 1510ರಲ್ಲೇ ಪೋರ್ಚುಗೀಸರಿಗೆ ಕಳೆದುಕೊಂಡಿದ್ದರು. ಸಮುದ್ರದ ದಾರಿಗೆ ಪರಂಗಿಗಳ ರಹದಾರಿ ಚೀಟಿ ಬೇಕಿದ್ದ ದಿನಗಳು ಅವು. ಲವಂಗದ ಒಂದು ಮೊಗ್ಗು ಬಿಜಾಪುರದ ಅರಮನೆಗೆ ಸುಮ್ಮನೆ ಬರುತ್ತಿರಲಿಲ್ಲ.

ಸುಗಂಧ ಆ ರಾಜ್ಯದಲ್ಲಿ ಮನುಷ್ಯರ ಹೆಸರಲ್ಲೂ ಇತ್ತು. ಆಫ್ರಿಕಾದಿಂದ ಗುಲಾಮರಾಗಿ ತಂದ ಹಬ್ಶಿಗಳಿಗೆ ಯಜಮಾನರು ಸುಗಂಧದ, ರತ್ನದ ಹೆಸರಿಡುತ್ತಿದ್ದರು. ಅಂಬರ್, ಸಂದಲ್, ರೈಹಾನ್, ಕಾಫೂರ್, ಯಾಕೂತ್. ಬೆಲೆಬಾಳುವ ಸಾಮಾನಿನ ಹೆಸರು, ಯಾಕೆಂದರೆ ಅವರನ್ನೂ ಸಾಮಾನಿನ ಹಾಗೇ ಕೊಂಡದ್ದು. ಆದರೆ ದಖನಿನಲ್ಲಿ ಅವರು ಸಾಮಾನಾಗಿ ಉಳಿಯಲಿಲ್ಲ. ಮಲಿಕ್ ಅಂಬರ್ ಅಹ್ಮದ್‌ನಗರ ರಾಜ್ಯವನ್ನೇ ನಡೆಸಿದ. ಮಲಿಕ್ ಸಂದಲ್ ಬಿಜಾಪುರದ ಇಬ್ರಾಹೀಂ ರೌಜಾ ಕಟ್ಟಿಸಿದ. ಮಲಿಕ್ ರೈಹಾನ್ ಮುಂದೆ ಶಿರಾದ ಸುಬೇದಾರನಾದ, ತುಮಕೂರು ಜಿಲ್ಲೆಯ ಶಿರಾದಲ್ಲಿ ಅವನ ಗೋರಿ ಇದೆ.

ಇಬ್ರಾಹೀಮನ ದೀನಿನ ಬಗ್ಗೆ ಓದುಗರು ಕೇಳುತ್ತಾರೆ, ಗೊತ್ತು. ಕಿತಾಬೆ ನೌರಸ್‌ನಲ್ಲಿ ಪ್ರವಾದಿ(ಸ)ಯವರ ಹೊಗಳಿಕೆ ಇದೆ, ಗುಲ್ಬರ್ಗದ ಬಂದೇನವಾಜ್ ಗೇಸೂದರಾಜರ ಹೊಗಳಿಕೆ ಇದೆ, ಸರಸ್ವತಿ ಗಣಪತಿಯರ ಸ್ತುತಿಯೂ ಇದೆ. ಪ್ರಜೆಗಳು ಅವನನ್ನು ಜಗದ್ಗುರು ಬಾದಶಹ ಅಂತ ಕರೆದರು. ಚಿತ್ರಗಳಲ್ಲಿ ಅವನ ಕೊರಳಲ್ಲಿ ರುದ್ರಾಕ್ಷಿ ಕಾಣುತ್ತದೆ. ಉಲಮಾಗಳಲ್ಲಿ ಅಸಮಾಧಾನ ಇದ್ದಿರಲೇಬೇಕು. ನಾನಂತೂ ಆ ಹಾಡುಗಳನ್ನು ಸಮರ್ಥಿಸಲು ಹೋಗುವುದಿಲ್ಲ. ಆದರೆ ಅವನ ಪತ್ನಿ ಮಲಿಕಾ ಜಹಾನ್ ಹೆಸರಿನ ಮಸೀದಿಯೂ ಅದೇ ಊರಲ್ಲಿದೆ, ರೌಜಾದ ಗೋಡೆ ತುಂಬ ಖುರ್‌ಆನಿನ ಆಯತುಗಳೂ ಇವೆ. ಮನುಷ್ಯನ ಲೆಕ್ಕ ಅಲ್ಲಾಹನಲ್ಲಿ.

ಅವನ ಕೊನೆಯ ವರ್ಷಗಳು ಒಳ್ಳೆಯದಿರಲಿಲ್ಲ. 1619ರಲ್ಲಿ ಬೀದರನ್ನು ಗೆದ್ದು ಸೇರಿಸಿಕೊಂಡದ್ದು ಹೌದು. ಆದರೆ 1624ರಲ್ಲಿ ಮೊಗಲರ ಪಕ್ಷ ಸೇರಿ ಮಲಿಕ್ ಅಂಬರನ ಮೇಲೆ ಸೈನ್ಯ ಕಳಿಸಿದ. ಭಾತವಡಿ ಎಂಬಲ್ಲಿ ಅಂಬರ್ ಕೆರೆಯ ಕಟ್ಟೆ ಒಡೆಸಿ ಶತ್ರುಪಾಳಯವನ್ನು ಕೆಸರು ಮಾಡಿ ಸೋಲಿಸಿದ. ಅಲ್ಲಿಗೆ ಬಿಡಲಿಲ್ಲ, ಬಿಜಾಪುರದ ತನಕ ಬಂದು ನೌರಸ್‌ಪುರವನ್ನು ಸೂರೆ ಮಾಡಿದ. ಇಪ್ಪತ್ತೈದು ವರ್ಷ ಕಟ್ಟಿದ ಪಟ್ಟಣ. ಕೋಟೆಗೋಡೆಯೂ ಪೂರ್ತಿ ಎದ್ದಿರಲಿಲ್ಲ. ಸುಗಂಧದ ಹೆಸರಿನ ಊರನ್ನು ಸುಗಂಧದ ಹೆಸರಿನ ಮನುಷ್ಯನೇ ಹಾಳು ಮಾಡಿದ. ಇವತ್ತು ತೊರವಿಗೆ ಹೋದರೆ ಸಂಗೀತ ಮಹಲಿನ ಮುರುಕು ಕಮಾನು ಇದೆ.

1627ರ ಸೆಪ್ಟೆಂಬರಿನಲ್ಲಿ ಇಬ್ರಾಹೀಂ ತೀರಿಕೊಂಡ. ರೌಜಾವನ್ನು ಮೊದಲು ಯೋಚಿಸಿದ್ದು ಅವನ ಇನ್ನೊಬ್ಬ ಪತ್ನಿ ತಾಜ್ ಸುಲ್ತಾನಾಗೆ. ಮೊದಲು ಮಣ್ಣಾದವನು ಅವನು. ಖರ್ಚು ಒಂದೂವರೆ ಲಕ್ಷ ಹೊನ್ನಿಗೂ ಮಿಕ್ಕಿ ಅಂತ ಅಲ್ಲಿನ ಶಾಸನ ಲೆಕ್ಕ ಹೇಳುತ್ತದೆ. ಕೋಲಾರ, ಬೆಂಗಳೂರು ಬಿಜಾಪುರಕ್ಕೆ ಸೇರಿದ್ದು ಅವನ ಮಗ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1638ರ ದಂಡಯಾತ್ರೆಯಲ್ಲಿ. ಆ ಸೀಮೆ ಶಹಾಜಿ ಭೋಂಸ್ಲೆಯ ಜಹಗೀರಿಗೆ ಬಂತು. ಮುಂದೆ ಅದೇ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹೈದರ್ ಅಲೀ ಹುಟ್ಟಿದ.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಪ್ರವಾದಿ(ಸ)ಯವರಿಗೆ ಸುಗಂಧ ಇಷ್ಟ, ಯಾರಾದರೂ ಕೊಟ್ಟರೆ ಬೇಡ ಅನ್ನುತ್ತಿರಲಿಲ್ಲ. ಇಹ್ರಾಮಿಗೆ ಮೊದಲು ಆಯಿಶಾ(ರ) ಅವರೇ ಕೈಯಾರೆ ಸುಗಂಧ ಹಚ್ಚುತ್ತಿದ್ದರು. ಗಂಡಸಿನ ಸುಗಂಧದಲ್ಲಿ ವಾಸನೆ ಮುಂದೆ ಬಣ್ಣ ಹಿಂದೆ, ಹೆಂಗಸಿನದರಲ್ಲಿ ಬಣ್ಣ ಮುಂದೆ ವಾಸನೆ ಹಿಂದೆ ಇರಲಿ ಎಂಬ ಅರ್ಥದ ಹದೀಸ್ ಇದೆ. ಅದು ಹೊರಗೆ ಹೋಗುವಾಗಿನ ಮಾತು, ಮನೆಯೊಳಗೆ ಹೆಂಗಸಿಗೆ ಇಷ್ಟವಾದದ್ದು ಹಚ್ಚಬಹುದು ಅಂತ ಪಂಡಿತರು ವಿವರಿಸಿದ್ದಾರೆ. ಅಂದರೆ ಪ್ರಶ್ನೆ ಬಾಟಲಿಯದ್ದಲ್ಲ, ಎಲ್ಲಿ ಎಷ್ಟು ಅನ್ನೋದು. ಅಣ್ಣನ ಬಾಟಲಿ ಅಂತ ಅದು ಹರಾಮಾಗುವುದಿಲ್ಲ. ಆವತ್ತು ನಾನು ಇಷ್ಟು ಬಿಡಿಸಿ ಹೇಳಬೇಕಿತ್ತು.

ಹಚ್ಚುವವರಿಗೆ ಎರಡು ಮಾತು. ಲವಂಗ, ದಾಲ್ಚಿನ್ನಿ ಹೆಚ್ಚಿರುವ ಅತ್ತರು ಕೆಲವರ ಚರ್ಮವನ್ನು ಸುಡುತ್ತದೆ, ಮೊದಲು ಮೊಣಕೈ ಒಳಗೆ ಒಂದು ಚುಕ್ಕೆ ಹಚ್ಚಿ ಒಂದು ದಿನ ನೋಡಿ. ಕೇಸರಿ, ಊದ್ ಬಿಳಿ ಜುಬ್ಬಕ್ಕೆ ಕಲೆ ಮಾಡುತ್ತದೆ. ಎರಡು ಮಣಿಕಟ್ಟು ಒಂದಕ್ಕೊಂದು ಉಜ್ಜಿದರೆ ಬಿಸಿಗೆ ಮೇಲಿನ ವಾಸನೆ ಬೇಗ ಹಾರಿಹೋಗುತ್ತದೆ. ಅಜ್ಜ ಹೇಳಿದ್ದು ಸರಿ. ಆಲ್ಕೋಹಾಲ್ ಇರುವ ಸ್ಪ್ರೇ ಒಮ್ಮೆಲೇ ಎದ್ದು ಬೇಗ ಇಳಿಯುತ್ತದೆ, ಎಣ್ಣೆಯ ಅತ್ತರು ಮೈಯ ಬಿಸಿಗೆ ನಿಧಾನ ಬಿಚ್ಚಿಕೊಳ್ಳುತ್ತದೆ. ಅಸಲಿ ಕಸ್ತೂರಿ, ಅಸಲಿ ಅಂಬರ್ ಅಂತ ಕಡಿಮೆ ರೇಟಿಗೆ ಕೊಟ್ಟರೆ ನಂಬಬೇಡಿ. ಕಸ್ತೂರಿ ಮೃಗವೂ ಆ ತಿಮಿಂಗಿಲವೂ ವನ್ಯಜೀವಿ ಕಾನೂನಿನ ರಕ್ಷಣೆಯಲ್ಲಿವೆ. ಒಮ್ಮೆ ನಾನೂ ನೂರೈವತ್ತು ರೂಪಾಯಿಗೆ ಅಸಲಿ ಕಸ್ತೂರಿ ತಂದವನೇ. ಮೂರನೇ ದಿನಕ್ಕೆ ಸೀಮೆಎಣ್ಣೆ ವಾಸನೆ.

ಗಂಧದ ಮಾತು ಬೇರೆ. ಮೊದಲು ನಮ್ಮ ಹಿತ್ತಲಲ್ಲಿ ಬೆಳೆದ ಗಂಧದ ಮರವೂ ಸರಕಾರದ್ದೇ ಆಗಿತ್ತು. 2001ರ ಕಾನೂನು ತಿದ್ದುಪಡಿಯ ನಂತರ ಜಮೀನಿನವನೇ ಮರದ ಒಡೆಯ. ಕೋಲಾರದಂಥ ಒಣಭೂಮಿಯಲ್ಲೂ ಅದು ಬರುತ್ತದೆ, ಆದರೆ ಒಂಟಿಯಾಗಿ ಬದುಕುವ ಮರವಲ್ಲ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಚುಚ್ಚಿ ಅಲ್ಲಿಂದ ಆಹಾರ ಎಳೆಯುತ್ತದೆ. ತಿರುಳು ಕಟ್ಟಲಿಕ್ಕೆ ಹದಿನೈದು ಇಪ್ಪತ್ತು ವರ್ಷ ಬೇಕು. ವಕ್ಕಲೇರಿಯ ಸಹಪಾಠಿ ಮೊನ್ನೆ ಫೋನ್ ಮಾಡಿದ್ದರು. ಮದ್ರಸದ ಹಿಂದೆ ಎರಡು ಗಂಧದ ಸಸಿ ನೆಟ್ಟಿದ್ದಾರಂತೆ, ಜೊತೆಗೆ ತೊಗರಿ. ಅಜ್ಜನ ಬಾಟಲಿಯಲ್ಲಿ ಇನ್ನು ಕಾಲುಭಾಗ ಉಳಿದಿದೆ. ಮನೆಯಲ್ಲಿ ಇಬ್ಬರೂ ಹಚ್ಚುತ್ತಿದ್ದೇವೆ.